ಹಗಲು ದೀವಟಿಗೆ

ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್, ಅಕ್ಟೋಬರ್ ಕೊನೆಯ ವಾರ. 2005ರ ಹೋಂಡಾ ಸಿವಿಕ್ ಒಂದು ತಾಯಿಯ ಕೈಯಿಂದ ಮಗಳ ಕೈಗೆ ಹೋಗಲಿದೆ. ಅದಕ್ಕೆ ಡಿಆರ್‌ಎಲ್, ಅಂದರೆ ಕಾರು ಓಡುವಾಗೆಲ್ಲ ಹಗಲಲ್ಲೂ ತಾನಾಗಿ ಉರಿಯುವ ಮುಂದಿನ ದೀಪ, ಹಾಕಬೇಕೆಂಬುದು ಆ ತಾಯಿಯ, ಅಂದರೆ ಮನೆಯ ಸೊಸೆಯ ಯೋಚನೆ. ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದ ಮಾವ ಮಗನ ಮನೆಗೆ ಬಂದಿದ್ದಾರೆ.

ಮಾವ: ಹಗಲು ಹೊತ್ತಲ್ಲಿ ಉರಿಯೋ ದೀಪಕ್ಕೆ ದುಡ್ಡು ಕೊಡಬೇಕಾ? ನಮ್ಮ ಕಡೆ ಹಗಲು ದೀವಟಿಗೆ ಅಂದರೆ ಮಠದ ಸ್ವಾಮಿಗಳ ಅಡ್ಡಪಲ್ಲಕ್ಕಿ ಮುಂದೆ ಹಿಡಿಯೋ ಬಿರುದು. 17 ವರ್ಷದ ಹುಡುಗಿಗೆ ಅದ್ಯಾಕಮ್ಮ?

ಸೊಸೆ: ಸ್ವಾಮಿಗಳಿಗೆ ದಾರಿ ಕಾಣಲಿ ಅಂತ ಆ ದೀವಟಿಗೆ ಹಿಡಿಯೋದಲ್ಲವಲ್ಲ ಮಾವ. ಬರ್ತಿದಾರೆ, ದಾರಿ ಬಿಡಿ ಅಂತ ಎದುರಿನವರಿಗೆ ಹೇಳೋಕೆ. ಇದರ ಕೆಲಸವೂ ಅಷ್ಟೇ. ಓಡಿಸೋರಿಗೆ ಇದರಿಂದ ಒಂದು ಅಡಿಯೂ ಹೆಚ್ಚಿಗೆ ಕಾಣಲ್ಲ. ಎದುರಿಂದ ಬರೋರಿಗೆ ನಾವು ಕಾಣ್ತೀವಿ.

ಮಾವ: ಕಾರು ಇಷ್ಟು ದೊಡ್ಡದಿದೆ, ಬಿಸಿಲಿದೆ, ಎದುರಿನವನಿಗೆ ಕಣ್ಣಿದೆ. ಇನ್ನೇನು ಕಾಣಬೇಕು?

ಸೊಸೆ: ನಿನ್ನೆ ಗ್ರೇಟ್ ಸ್ವಾಂಪ್ ನೋಡೋಕೆ ಅಂತ ಲಾರ್ಡ್ ಸ್ಟರ್ಲಿಂಗ್ ರಸ್ತೆಯಲ್ಲಿ ಹೋದ್ವಲ್ಲ, ಅಲ್ಲಿ ಬಿಸಿಲು ಹೇಗಿತ್ತು ಹೇಳಿ.

ಮಾವ: ಅಲ್ಲೆಲ್ಲಿ ಬಿಸಿಲು? ಒಂದು ಮಾರು ಬೆಳಕು, ಹತ್ತು ಮಾರು ನೆರಳು. ಎರಡೂ ಕಡೆ ಓಕು, ಮೇಪಲ್ಲು. ಎಲೆ ಅರ್ಧ ಉದುರಿದ್ದರೂ ನೆರಳು ಬಿಟ್ಟಿರಲಿಲ್ಲ.

ಸೊಸೆ: ನಮ್ಮ ಸಿವಿಕ್ ಬಣ್ಣ ಗಾಢ ಬೂದು, ಟಾರು ರಸ್ತೆಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಬಿಸಿಲಿಂದ ನೆರಳಿಗೆ ಬಂದ ಕಣ್ಣು ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಆ ಕಾರು ನೆರಳಲ್ಲಿ ಕರಗಿರುತ್ತೆ. ಈ ತಿಂಗಳಿಂದ ಆಚೆಗೆ ಸೂರ್ಯ ನೆತ್ತಿಗೂ ಬರಲ್ಲ, ಬೆಳಗ್ಗೆ ಶಾಲೆ ಹೊತ್ತಿಗೆ ನೇರ ಕಣ್ಣಿಗೇ ಹೊಡೀತಾನೆ. ಅವಳು ರಿಡ್ಜ್ ಹೈಸ್ಕೂಲಿಗೆ ಹೋಗೋದು ಸೌತ್ ಫಿನ್ಲೆ ಅವೆನ್ಯೂ ಮೇಲೆ. ಎದುರಿಂದ ಬರೋನು ಎಡಕ್ಕೆ ತಿರುಗಬೇಕಾದರೆ ಇವಳ ದಾರಿಯನ್ನೇ ಅಡ್ಡ ಹಾಯಬೇಕು, ನಮ್ಮೂರಲ್ಲಿ ಬಲಕ್ಕೆ ತಿರುಗೋರ ಹಾಗೆ. ಅವನು ಒಂದು ಸಲ ನೋಡ್ತಾನೆ, ಖಾಲಿ ಅನ್ನಿಸಿದರೆ ತಿರುಗಿಸೇ ಬಿಡ್ತಾನೆ. ಅವನು ನೋಡೋ ಆ ಒಂದು ಸಲಕ್ಕೆ ಈ ದೀಪ.

ಮಾವ: ಅದಕ್ಕೆ ನಮ್ಮಲ್ಲಿ ಹಾರನ್ ಇದೆ. ಲಾರಿ ಹಿಂದೇನೇ ಬರೆದಿರ್ತಾರೆ, ಸೌಂಡ್ ಹಾರನ್ ಅಂತ. ತಿರುವಿನಲ್ಲಿ ಒಂದು ಸಲ ಒತ್ತಿದರೆ ನೀನು ಇದ್ದೀಯ ಅಂತ ಮೂರು ಹಳ್ಳಿಗೆ ಗೊತ್ತು.

ಸೊಸೆ: ಇಲ್ಲಿ ಹಾರನ್ ಒತ್ತಿದರೆ ಬೈದ ಲೆಕ್ಕ. ಕಾರಿನ ಗಾಜು ಏರಿಸಿ ಹಾಡು ಹಾಕ್ಕೊಂಡು ಕೂತಿರೋ ಜನಕ್ಕೆ ಅದು ಕೇಳಿಸೋದೂ ಕಷ್ಟ. ಕಿವಿಗೆ ಹೇಳೋದನ್ನ ಇಲ್ಲಿ ಕಣ್ಣಿಗೇ ಹೇಳಬೇಕು.

ಮಾವ: ಹಾಗೆ ನೋಡಿದರೆ ನಮ್ಮ ಡ್ರೈವರುಗಳೂ ಹಗಲಲ್ಲಿ ಲೈಟ್ ಹಾಕ್ತಿದ್ರು. ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿಯೋವಾಗ, ಜುಲೈ-ಆಗಸ್ಟಲ್ಲಿ. ಮಳೆ, ಮಂಜು, ಮೇಲೆ ಕಾಡು. ಮಧ್ಯಾಹ್ನ ಎರಡು ಗಂಟೆಗೇ ಹೆಡ್‌ಲೈಟ್. ಮಂಗಳೂರಿಂದ ವಾಪಸ್ ಬಂದ ಬಸ್ಸು ಲೈಟ್ ಆರಿಸದೆ ಹಾಸನದೊಳಗೆ ಬಂತು ಅನ್ನು, ರಸ್ತೆ ಬದಿಯ ಜನವೆಲ್ಲ ಬೆರಳು ಮುಚ್ಚಿ ಬಿಚ್ಚಿ ಸನ್ನೆ ಮಾಡೋರು, ಲೈಟ್ ಉರೀತಿದೆ ಅಂತ. ಬ್ಯಾಟರಿ ಇಳಿದುಹೋಗುತ್ತೆ ಅಂತ ಕಂಡವರ ಬಸ್ಸಿನ ಮೇಲೆ ಅಷ್ಟು ಕಾಳಜಿ.

ಸೊಸೆ: ಈಗ ಆ ಸನ್ನೆ ಮಾಡಿದರೆ ನಗ್ತಾರೆ. 2017ರ ಏಪ್ರಿಲ್ 1ರಿಂದ ಹೊಸ ಬೈಕು, ಸ್ಕೂಟರುಗಳಲ್ಲಿ ಎಂಜಿನ್ ಓಡ್ತಿದ್ರೆ ಹೆಡ್‌ಲೈಟ್ ಉರೀಲೇಬೇಕು, ಆರಿಸೋ ಸ್ವಿಚ್ಚೇ ಇಲ್ಲ.

ಮಾವ: ಗೊತ್ತು. ಶುರುವಿನಲ್ಲಿ ಪಕ್ಕದ ಮನೆ ಹುಡುಗ ಮಾರ್ಕೆಟ್ಟಿಗೆ ಹೋಗಿ ಬರೋದರೊಳಗೆ ಹತ್ತು ಜನ ಕೈ ತೋರಿಸೋರು, ಪಾಪ, ಅವನಿಗೆ ಉತ್ತರ ಹೇಳಿ ಸಾಕಾಗಿತ್ತು. ಆದರೆ ಬೈಕ್ ಸಣ್ಣದು, ಅದಕ್ಕೆ ಬೇಕು. ಕಾರಿಗೂ ದೀಪ ಹಚ್ಚಿದರೆ ಬೈಕಿನವನ ದೀಪ ಎದ್ದು ಕಾಣೋದು ಹೇಗೆ?

ಸೊಸೆ: ಯುರೋಪಿನ ಬೈಕ್ ಸವಾರರ ಸಂಘಗಳು ಎತ್ತಿದ ತಕರಾರೂ ಇದೇ. ಅದಕ್ಕೆ ಪೂರ್ತಿ ಉತ್ತರ ಇಲ್ಲ. ಬೆಳಕು ಮಿತಿಯಲ್ಲಿರಲಿ ಅನ್ನಬಹುದು ಅಷ್ಟೇ. ಯುರೋಪಿನ ನಿಯಮದಲ್ಲಿ ಹಗಲು ದೀಪಕ್ಕೆ 400 ಕ್ಯಾಂಡೆಲಾಗಿಂತ ಕಡಿಮೆ ಇರಬಾರದು, 1200 ಮೀರಬಾರದು. ಅಮೆರಿಕದಲ್ಲಿ ಹೈಬೀಮನ್ನೇ ಮಂದ ಮಾಡಿ ಉರಿಸಿದರೆ 7000ದವರೆಗೂ ಬಿಡ್ತಾರೆ. ನಾನು ಹುಡುಕ್ತಿರೋದು ಯುರೋಪಿನ ಅಳತೆಯದ್ದು.

ಮಾವ: ಸರಿ, ಈ ಪದ್ಧತಿ ಹುಟ್ಟಿದ್ದೆಲ್ಲಿ? ಇವರೇ ಶುರು ಮಾಡಿದರಾ?

ಸೊಸೆ: ಇಲ್ಲ, ಉತ್ತರದ ತುದಿಯವರು. ಫಿನ್ಲೆಂಡಿನಲ್ಲಿ 1972ರಲ್ಲಿ, ಊರಾಚೆಯ ರಸ್ತೆಗಳಿಗೆ, ಚಳಿಗಾಲಕ್ಕೆ ಮಾತ್ರ. ಸ್ವೀಡನ್ 1977ರಲ್ಲಿ ವರ್ಷಪೂರ್ತಿ ಕಡ್ಡಾಯ ಮಾಡ್ತು. ಕೆನಡಾದಲ್ಲಿ 1989ರ ಡಿಸೆಂಬರ್ 1ರ ನಂತರ ತಯಾರಾದ ಪ್ರತಿ ಹೊಸ ಕಾರಿಗೂ. ಯುರೋಪಿನ ಒಕ್ಕೂಟ 2011ರ ಫೆಬ್ರುವರಿಯಿಂದ ಹೊಸ ಮಾದರಿಗಳಿಗೆ. ಅಮೆರಿಕ ಮಾತ್ರ ಇವತ್ತಿಗೂ ಕಡ್ಡಾಯ ಮಾಡಿಲ್ಲ. ಬೇಕಾದವರು ಹಾಕಿಕೊಳ್ಳಿ ಅಂತ 1993ರಲ್ಲಿ ಒಪ್ಪಿಗೆ ಕೊಡ್ತು, ಜನರಲ್ ಮೋಟಾರ್ಸ್ 1995ರ ಮಾದರಿಗಳಿಂದ ಹಾಕೋಕೆ ಶುರು ಮಾಡ್ತು. ನಮ್ಮ ಈ ಸಿವಿಕ್‌ಗೆ ಇಲ್ಲ. ಗಡಿ ದಾಟಿ ಟೊರಾಂಟೊದಲ್ಲಿ ಮಾರಿದ ಇದೇ 2005ರ ಸಿವಿಕ್‌ಗೆ ಇದೆ.

ಮಾವ: ಅಂದರೆ ಕತ್ತಲು ಜಾಸ್ತಿ ಇರೋ ದೇಶಗಳ ಔಷಧಿ ಇದು. ಹಾಸನ ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಹೆಲ್ಸಿಂಕಿ 60ರಲ್ಲಿ. ಅಲ್ಲಿ ಚಳಿಗಾಲದ ಮಧ್ಯಾಹ್ನ ಅಂದರೆ ನಮ್ಮ ಸಂಜೆ. ಬಾಸ್ಕಿಂಗ್ ರಿಡ್ಜ್ ಎಷ್ಟರಲ್ಲಿದೆ?

ಸೊಸೆ: 40 ಚಿಲ್ಲರೆ. ನಿಮಗೂ ಅವರಿಗೂ ನಡುವೆ, ಸ್ವಲ್ಪ ಅವರ ಕಡೆಗೇ.

ಮಾವ: ಹಾಗಾದರೆ ಇಲ್ಲಿ ಅದರಿಂದ ಉಪಯೋಗ ಆಯ್ತಾ ಅಂತ ಯಾರಾದರೂ ಲೆಕ್ಕ ಹಾಕಿರಬೇಕಲ್ಲ.

ಸೊಸೆ: ಹಾಕಿದ್ದಾರೆ. ಹೆದ್ದಾರಿ ಸುರಕ್ಷತೆಯ ಕೇಂದ್ರ ಇಲಾಖೆ ಎನ್‌ಎಚ್‌ಟಿಎಸ್‌ಎ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು, ಅದರಲ್ಲಿ ಹಗಲಿನ ಕೆಲವು ಬಗೆಯ ಅಪಘಾತಗಳಲ್ಲಿ ಇಳಿಕೆ ಕಂಡಿತ್ತು. 2008ರಲ್ಲಿ ಇನ್ನೊಂದು, ಬೇರೆ ವಿಧಾನದ್ದು. ಅದರಲ್ಲಿ ಒಟ್ಟಾರೆಯಾಗಿ ಗಟ್ಟಿ ಅನ್ನಬಹುದಾದ ಪರಿಣಾಮ ಸಿಗಲಿಲ್ಲ. ಎಲ್ಲ ಕಾರಿಗೂ ಕಡ್ಡಾಯ ಮಾಡಿ ಅಂತ ಜನರಲ್ ಮೋಟಾರ್ಸ್ ಹಾಕಿದ್ದ ಅರ್ಜಿಯನ್ನ 2009ರಲ್ಲಿ ತಳ್ಳಿಹಾಕಿದರು.

ಮಾವ: ಲೆಕ್ಕ ನೀನೇ ಒಪ್ಪಿಸಿದೆ, ನಿನ್ನ ಕೇಸು ನೀನೇ ಸೋತೆ.

ಸೊಸೆ: ಸೋತಿಲ್ಲ. ಅವರು ಕೇಳಿಕೊಂಡ ಪ್ರಶ್ನೆ ಬೇರೆ. ಫ್ಲಾರಿಡಾದ ಬಿಸಿಲಿಂದ ಅಲಾಸ್ಕಾದವರೆಗೆ ಕೋಟಿಗಟ್ಟಲೆ ಕಾರುಗಳ ಮೇಲೆ ಕಾನೂನು ಹೇರಬೇಕಾ ಅನ್ನೋದು. ನನ್ನ ಪ್ರಶ್ನೆ ಒಂದು ಬೂದು ಕಾರಿನದ್ದು, ಮರಗಳ ನಡುವಿನ ನಾಲ್ಕು ರಸ್ತೆಗಳದ್ದು, ಹೊಸದಾಗಿ ಲೈಸೆನ್ಸ್ ಸಿಕ್ಕ ಒಬ್ಬಳದ್ದು. ಅವಳ ಲೈಸೆನ್ಸ್ ಇನ್ನೂ ಪ್ರೊಬೇಷನರಿ. ಇಲ್ಲಿ 21ರ ಒಳಗಿನ ಅಂಥ ಹುಡುಗರು ನಂಬರ್ ಪ್ಲೇಟಿಗೆ ಕೆಂಪು ಚೀಟಿ ಅಂಟಿಸಬೇಕು, ಕೈಲೀಸ್ ಲಾ ಅಂತ, 2010ರ ಮೇ ತಿಂಗಳಿಂದ ಜಾರಿಯಲ್ಲಿದೆ. ಹೊಸಬಳು ಅಂತ ಪೊಲೀಸಿನವರಿಗೆ ಗೊತ್ತಾಗೋಕೆ ಅಷ್ಟು ವ್ಯವಸ್ಥೆ ಇರೋವಾಗ, ಎದುರಿಂದ ಬರೋನಿಗೆ ಅವಳು ಬರ್ತಿರೋದು ಗೊತ್ತಾಗೋಕೆ ಎರಡು ದೀಪ ಹೆಚ್ಚಾಯ್ತಾ?

ಮಾವ: ಹೆಚ್ಚಲ್ಲ. ಆದರೆ ಈಗ ನಾನು ಕೇಳ್ತೀನಿ, ನೀನು ಹೇಳು. ಆ ದೀಪ ಮುಂದೆ ಉರಿಯೋವಾಗ ಕಾರಿನ ಹಿಂದೆ ಏನು ಉರಿಯುತ್ತೆ?

ಸೊಸೆ: ಏನೂ ಇಲ್ಲ. ಬ್ರೇಕ್ ಒತ್ತಿದರೆ ಬ್ರೇಕ್ ಲೈಟ್.

ಮಾವ: ಮೊನ್ನೆ ಬ್ರಿಡ್ಜ್‌ವಾಟರ್ ವೆಂಕಟೇಶ್ವರನ ದೇವಸ್ಥಾನದಿಂದ ಬರ್ತಾ 287ನೇ ಹೆದ್ದಾರಿಯಲ್ಲಿ ಮಳೆ ಹಿಡೀತಲ್ಲ, ಆಗ ನಮ್ಮ ಮುಂದೆ ಇದ್ದಕ್ಕಿದ್ದ ಹಾಗೆ ಒಂದು ಗಾಡಿ ಎದ್ದಿತಲ್ಲ, ನೆನಪಿದೆಯಾ? ನೀನು ಬ್ರೇಕ್ ಹಾಕಿದ ರಭಸಕ್ಕೆ ನನ್ನ ಕೈಲಿದ್ದ ಪ್ರಸಾದ ಕೆಳಗೆ ಬಿತ್ತು. ಪಕ್ಕಕ್ಕೆ ಹೋಗಿ ದಾಟಿದ ಮೇಲೆ ತಿರುಗಿ ನೋಡಿದೆ. ಮುಂದುಗಡೆ ಎರಡು ದೀಪ ಚೆನ್ನಾಗಿ ಉರೀತಿತ್ತು. ಹಿಂದೆ ಕತ್ತಲು.

ಸೊಸೆ: ಹೌದು. ಮುಂದೆ ಬೆಳಕು ಬೀಳ್ತಿತ್ತಲ್ಲ, ಹೆಡ್‌ಲೈಟ್ ಹಾಕಿದ್ದೀನಿ ಅಂತಲೇ ಆ ಮನುಷ್ಯ ತಿಳಿದಿರಬೇಕು.

ಮಾವ: ಅದೇ ನನ್ನ ಭಯ. ದೀಪ ಇಲ್ಲದ ಕಾರಲ್ಲಿ ಕತ್ತಲಾದರೆ ಕತ್ತಲು ಅಂತ ಗೊತ್ತಾಗುತ್ತೆ, ಕೈ ಸ್ವಿಚ್ಚಿಗೆ ಹೋಗುತ್ತೆ. ಅರ್ಧ ದೀಪ ಇರೋ ಕಾರು ಓಡಿಸೋನಿಗೇ ಸುಳ್ಳು ಹೇಳುತ್ತೆ. ನಮ್ಮ ಡಿಪೋದಲ್ಲಿ ಬಸ್ಸು ಹೊರಡೋ ಮುಂಚೆ ಮುಂದಿನ ಲೈಟಿಗಿಂತ ಹಿಂದಿನದ್ದನ್ನೇ ಮೊದಲು ನೋಡ್ತಿದ್ವಿ. ಮುಂದಿನದು ಹೋದರೆ ಡ್ರೈವರ್ರೇ ಕೂಗ್ತಾನೆ. ಹಿಂದಿನದು ಹೋದರೆ ಲಾರಿ ಬಂದು ಗುದ್ದಿದ ಮೇಲೆ ಗೊತ್ತಾಗೋದು.

ಸೊಸೆ: ಕೆನಡಾದವರಿಗೂ ಇದು ಅರ್ಥ ಆಗೋಕೆ ಮೂವತ್ತು ವರ್ಷ ಬೇಕಾಯ್ತು. ಅಂಥ ಗಾಡಿಗಳಿಗೆ ಅವರು ದೆವ್ವದ ಗಾಡಿ ಅಂತಾನೇ ಹೆಸರಿಟ್ಟಿದ್ದಾರೆ. 2021ರ ಸೆಪ್ಟೆಂಬರಿಂದ ತಯಾರಾಗೋ ಗಾಡಿಗಳಿಗೆ ಹೊಸ ನಿಯಮ. ಹಗಲು ದೀಪದ ಜೊತೆಗೆ ಹಿಂದಿನ ದೀಪವೂ ಹತ್ತಬೇಕು, ಇಲ್ಲವೇ ಕತ್ತಲಾದಾಗ ಎಲ್ಲ ದೀಪ ತಾನಾಗಿ ಹತ್ತಬೇಕು, ಇಲ್ಲವೇ ಡ್ರೈವರ್ ಮುಂದಿನ ಮೀಟರ್ ಕತ್ತಲಾಗೇ ಇರಬೇಕು, ಲೈಟ್ ಹಾಕಿಲ್ಲ ಅಂತ ಗೊತ್ತಾಗೋ ಹಾಗೆ.

ಮಾವ: ಮೂರನೆಯದು ಒಳ್ಳೇದು. ಪುಕ್ಕಟೆ ಬೇರೆ. ನಿಮ್ಮ ಸಿವಿಕ್‌ನಲ್ಲಿ ಲೈಟ್ ಹಾಕದೆ ಮೀಟರ್ ಬೆಳಗಲ್ಲ, ನಾನು ನೋಡಿದೆ. ಹೊಸ ಕಾರುಗಳಲ್ಲಿ ಕೀ ತಿರುಗಿಸಿದ್ರೆ ಸಾಕು, ಮೀಟರ್ ಸಿನಿಮಾ ಪರದೆ ಥರ ಹೊಳೆಯುತ್ತೆ, ಹೊರಗೆ ಲೈಟ್ ಇದೆಯೋ ಇಲ್ವೋ ತಿಳಿಯಲ್ಲ. ಈ ವಿಷಯದಲ್ಲಿ ಹಳೇ ಕಾರೇ ವಾಸಿ.

ಸೊಸೆ: ನ್ಯೂಜೆರ್ಸಿಯ ಕಾನೂನೂ ನಿಮ್ಮ ಕಡೆಗೇ ಇದೆ. ಸೂರ್ಯಾಸ್ತವಾಗಿ ಅರ್ಧ ಗಂಟೆಯಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ ಲೈಟ್ ಇರಬೇಕು. ಮಂಜು, ಹೊಗೆಯಿಂದ 500 ಅಡಿ ದೂರದ ಮನುಷ್ಯ ಸ್ಪಷ್ಟವಾಗಿ ಕಾಣದಿದ್ದರೂ ಇರಬೇಕು. ಮಳೆಗೋ ಹಿಮಕ್ಕೋ ವೈಪರ್ ಓಡ್ತಿದ್ದರೂ ಇರಬೇಕು. ಲೈಟ್ ಅಂದರೆ ಹೆಡ್‌ಲೈಟು, ಟೇಲ್ ಲೈಟು ಎಲ್ಲ. ಡಿಆರ್‌ಎಲ್ ಆ ಲೆಕ್ಕಕ್ಕೆ ಬರಲ್ಲ.

ಮಾವ: ಹಾಗಿದ್ದ ಮೇಲೆ ಕೀ ತಿರುಗಿಸಿದ ಕೂಡಲೇ ಹೆಡ್‌ಲೈಟ್ ಹಾಕು ಅಂತ ಮಗುವಿಗೆ ಹೇಳಿಬಿಡು. ಮುಂದೆ ಲೋ ಬೀಮು, ಹಿಂದೆ ಟೇಲ್ ಲೈಟು, ಎರಡೂ ಹತ್ತುತ್ತೆ. ಒಂದು ಪೈಸೆ ಖರ್ಚಿಲ್ಲ, ಒಂದು ವೈರ್ ಕತ್ತರಿಸೋ ಹಾಗಿಲ್ಲ.

ಸೊಸೆ: ಮೊದಲು ಹಾಗೇ ಅಂದುಕೊಂಡೆ. ಆದರೆ ಅವಳು ಶಾಲೆಯ ಪಾರ್ಕಿಂಗಲ್ಲಿ ಬೆಳಗ್ಗೆ ಬಿಟ್ಟ ಕಾರನ್ನ ಮಧ್ಯಾಹ್ನ ತೆಗೀತಾಳೆ. ಬಿಸಿಲಲ್ಲಿ ಹೆಡ್‌ಲೈಟ್ ಉರೀತಿರೋದು ಕಣ್ಣಿಗೆ ಬೀಳಲ್ಲ, ಬಾಗಿಲು ತೆಗೆದಾಗ ಕೀ ಕೀ ಅನ್ನೋ ಸದ್ದು ಕಿವಿಗೆ ಹಾಡು ಸಿಕ್ಕಿಸಿಕೊಂಡಿರೋ ಹುಡುಗಿಗೆ ಕೇಳಲ್ಲ. ಲೈಟ್ ಆರಿಸದೆ ಹೋದರೆ ಬ್ಯಾಟರಿ ಸತ್ತಿರುತ್ತೆ.

ಮಾವ: ಎಚ್4 ಬಲ್ಬ್ ತಾನೆ ಇದರಲ್ಲಿ? 60/55 ವ್ಯಾಟ್. ಲೋ ಬೀಮ್ ಎರಡಕ್ಕೆ 110 ವ್ಯಾಟ್, ಟೇಲ್ ಲೈಟು, ಪಾರ್ಕಿಂಗು, ನಂಬರ್ ಪ್ಲೇಟು, ಮೀಟರ್ ಎಲ್ಲ ಸೇರಿ 150ರ ಹತ್ತಿರ ಹೋಗುತ್ತೆ. 12 ವೋಲ್ಟಿಗೆ ಹನ್ನೆರಡು ಆಂಪಿಯರ್ ಚಿಲ್ಲರೆ. ಸಣ್ಣ ಬ್ಯಾಟರಿ ಮಧ್ಯಾಹ್ನದವರೆಗೆ ತಡೆಯಲ್ಲ, ನಿಜ. ನಮ್ಮ ಬಸ್ಸಿನದು 24 ವೋಲ್ಟ್, ಎರಡು ದೊಡ್ಡ ಬ್ಯಾಟರಿ ಸೀರೀಸಲ್ಲಿ, ಆದರೂ ಸೆಲ್ಫ್ ಎತ್ತದೆ ತಳ್ಳಿ ಸ್ಟಾರ್ಟ್ ಮಾಡಿದ್ದುಂಟು. ಬೇರೆ ದಾರಿ ಏನೇನಿದೆ?

ಸೊಸೆ: ಕೆನಡಾದ ಎಷ್ಟೋ ಕಾರುಗಳಲ್ಲಿ ಹೈಬೀಮನ್ನೇ ಹಗಲಲ್ಲಿ ಮಂದ ಮಾಡಿ ಉರಿಸ್ತಾರೆ.

ಮಾವ: ಎರಡು ಹೈಬೀಮ್ ಫಿಲಮೆಂಟನ್ನ ಸೀರೀಸಲ್ಲಿ ಕಟ್ಟಿರ್ತಾರೆ. ಹಾಗೆ ಕಟ್ಟಿದರೆ ತಲಾ ಅರ್ಧ ವೋಲ್ಟೇಜು. ಆದರೆ ವೋಲ್ಟೇಜ್ ಅರ್ಧ ಆದರೆ ಬೆಳಕು ಅರ್ಧ ಆಗಲ್ಲ, ಹತ್ತರಲ್ಲಿ ಒಂದು ಪಾಲಿಗೆ ಬೀಳುತ್ತೆ. ಕರೆಂಟು ಮಾತ್ರ ಅಷ್ಟು ಇಳಿಯಲ್ಲ, ಮೂರರಲ್ಲಿ ಒಂದು ಪಾಲು ವ್ಯಾಟ್ ತಿಂತಾನೇ ಇರುತ್ತೆ, ಹೆಚ್ಚಿನದೆಲ್ಲ ಬಿಸಿ. ಒಂದು ಬಲ್ಬ್ ಸುಟ್ಟರೆ ಎರಡೂ ಆರಿತು. ಹೆಡ್‌ಲೈಟಿನ ವೈರಿಂಗ್ ಒಳಗೇ ಕೈ ಹಾಕಬೇಕು. ಇಪ್ಪತ್ತು ವರ್ಷದ ಹಾರ್ನೆಸ್ಸು, ಪ್ಲಾಸ್ಟಿಕ್ ಕನೆಕ್ಟರುಗಳು ಮುಟ್ಟಿದರೆ ಪುಡಿ. ಬೇಡ.

ಸೊಸೆ: ಇಂಡಿಕೇಟರ್ ಬಲ್ಬನ್ನೇ ಸದಾ ಉರಿಸೋದೂ ಇದೆ. ತಿರುಗೋವಾಗ ಆ ಕಡೆಯದು ಮಿನುಗುತ್ತೆ.

ಮಾವ: ಅದಂತೂ ಬೇಡವೇ ಬೇಡ. ಆ ಹೋಲ್ಡರು ಮಿನುಗೋ ಬಲ್ಬಿನ ಬಿಸಿಗೆ ಮಾಡಿದ್ದು, ಸತತ ಉರಿದರೆ ಮೆತ್ತಗಾಗುತ್ತೆ. ಫಾಗ್ ಲೈಟೂ ಬೇಡ, ಅದು ಕೆಳಗೆ ರಸ್ತೆ ನೋಡುತ್ತೆ, ಎದುರಿನವನ ಕಣ್ಣನ್ನಲ್ಲ. ಉಳಿದಿದ್ದು ಬೇರೆ ಎಲ್‌ಇಡಿ ಜೋಡಿ.

ಸೊಸೆ: ಅದನ್ನೇ ನೋಡಿಟ್ಟಿದ್ದೀನಿ. ಎರಡೂ ಸೇರಿ 20 ವ್ಯಾಟ್ ಒಳಗೆ. ಬಂಪರಿನ ಎರಡು ತುದಿಗೆ ಕೂರಿಸಬಹುದು. ಬ್ಯಾಟರಿಗೆ ನೇರವಾಗಿ ಎರಡು ವೈರ್ ಸಿಕ್ಕಿಸಿದರೆ ಮುಗೀತು ಅಂತ ಬರೆದಿದೆ, ಎಂಜಿನ್ ಓಡ್ತಿದೆಯೋ ಇಲ್ವೋ ಅನ್ನೋದನ್ನ ವೋಲ್ಟೇಜ್ ನೋಡಿ ಜೊತೆಗೆ ಬರೋ ಪೆಟ್ಟಿಗೆಯೇ ತಿಳಿದುಕೊಳ್ಳುತ್ತಂತೆ.

ಮಾವ: ಅಲ್ಲೇ ಎಡವೋದು. ಎಂಜಿನ್ ನಿಂತಾಗ ಬ್ಯಾಟರಿ 12.6, ಓಡೋವಾಗ ಆಲ್ಟರ್ನೇಟರ್ 14ರ ಆಸುಪಾಸು, ಆ ವ್ಯತ್ಯಾಸ ನೋಡಿ ಹತ್ತೋ ಪೆಟ್ಟಿಗೆ ಅದು. ನಿನ್ನೆ ಈ ಕಾರಿಗೆ ಮೀಟರ್ ಹಿಡಿದು ನೋಡಿದೆ. ಎಂಜಿನ್ ಓಡ್ತಿದೆ, ಎಸಿ ಇಲ್ಲ, ಲೈಟ್ ಇಲ್ಲ, ವೋಲ್ಟೇಜು ಹನ್ನೆರಡೂವರೆಗೆ ಇಳಿದಿದೆ. ಆಲ್ಟರ್ನೇಟರ್ ಹೋಯ್ತೇನೋ ಅಂತ ಹೆಡ್‌ಲೈಟ್ ಹಾಕಿದೆ, ತಕ್ಷಣ 14ಕ್ಕೆ ಏರ್ತು.

ಸೊಸೆ: ಅದು ಹೋಂಡಾದವರು ಬೇಕಂತಲೇ ಮಾಡಿರೋದು. ಎಷ್ಟು ಕರೆಂಟು ಖರ್ಚಾಗ್ತಿದೆ ಅಂತ ಅಳೆಯೋ ಒಂದು ಘಟಕ ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿದೆ, ಇಎಲ್‌ಡಿ ಅಂತ. ಖರ್ಚು ಕಮ್ಮಿ ಇದ್ದರೆ ಎಂಜಿನ್ ಕಂಪ್ಯೂಟರ್ ಆಲ್ಟರ್ನೇಟರನ್ನ ಸಡಿಲ ಬಿಡುತ್ತೆ, ಪೆಟ್ರೋಲ್ ಉಳೀಲಿ ಅಂತ.

ಮಾವ: ಸರಿ ಹೋಯ್ತು. ಎಲ್‌ಇಡಿ ಜೊತೆ ಬರೋ ಆ ಪೆಟ್ಟಿಗೆ ಹನ್ನೆರಡೂವರೆ ನೋಡಿ ಎಂಜಿನ್ ನಿಂತಿದೆ ಅಂದುಕೊಂಡು ದೀಪ ಆರಿಸುತ್ತೆ. ಸ್ವಲ್ಪ ಏರಿದರೆ ಹತ್ತಿಸುತ್ತೆ. ದಾರಿ ಉದ್ದಕ್ಕೂ ಕಣ್ಣು ಹೊಡ್ಕೊಂಡು ಹೋಗುತ್ತೆ ನಿನ್ನ ಕಾರು. ಆ ಪೆಟ್ಟಿಗೆ ಬಿಸಾಕು. ಒಂದು ಐದು ಕಾಲಿನ ರಿಲೇ ಸಾಕು.

ಸೊಸೆ: ಹೇಗೆ ಅಂತ ಹೇಳಿ, ನಾನೇ ಕಟ್ತೀನಿ.

ಮಾವ: ರಿಲೇ ಕೆಳಗೆ ನಂಬರ್ ಇರುತ್ತೆ, ಹಾಸನದಲ್ಲೂ ಇಲ್ಲೂ ಅವೇ ನಂಬರು. 30ಕ್ಕೆ ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ಫ್ಯೂಸಿಂದ ಲೈನ್ ತಗೋ. ಸೆಲ್ಫ್ ಹೊಡೆಯೋವಾಗ ಸತ್ತು ಆಮೇಲೆ ಬರೋ ಲೈನ್ ಆದರೆ ಇನ್ನೂ ಒಳ್ಳೇದು. 87ಎ ಅಂತ ಒಂದು ಕಾಲಿದೆ, ಅಲ್ಲಿಂದ ಎಲ್‌ಇಡಿಗೆ ಕೊಡು. ರಿಲೇಗೆ ಕರೆಂಟ್ ಇಲ್ಲದಾಗ 30ಕ್ಕೂ 87ಎಗೂ ಸಂಪರ್ಕ ಇರುತ್ತೆ, ಹಾಗಾಗಿ ಕೀ ಆನ್ ಆದರೆ ದೀಪ ಆನ್. 86ಕ್ಕೆ ಪಾರ್ಕಿಂಗ್ ಲೈಟಿನ ವೈರಿಂದ ಒಂದು ಕವಲು, 85 ಅರ್ತಿಗೆ. ಅವಳು ಲೈಟ್ ಸ್ವಿಚ್ ತಿರುಗಿಸಿದ ತಕ್ಷಣ ರಿಲೇ ಎಳೀತು, 87ಎ ಬಿಟ್ಟಿತು, ಎಲ್‌ಇಡಿ ಆರಿತು. ರಾತ್ರಿ ಎದುರಿನವರ ಕಣ್ಣಿಗೆ ಅದು ಚುಚ್ಚಬಾರದು.

ಸೊಸೆ: ಪಾರ್ಕಿಂಗ್ ಲೈಟಿಂದ ಯಾಕೆ? ಹೆಡ್‌ಲೈಟ್ ವೈರಿಂದ ತಗೊಂಡರೆ ಆಗಲ್ವಾ?

ಮಾವ: ಎಚ್4ನಲ್ಲಿ ಹೈಬೀಮ್ ಹಾಕಿದರೆ ಲೋ ಬೀಮಿನ ವೈರು ಸಾಯೋದು ಮಾಮೂಲು. ಅಲ್ಲಿಂದ ಕವಲು ತೆಗೆದರೆ ಪ್ರತಿ ಸಲ ಹೈಬೀಮ್ ಹಾಕಿದಾಗ ಎಲ್‌ಇಡಿ ಹತ್ತುತ್ತೆ. ಜೊತೆಗೆ ಕೆಲವು ಕಾರುಗಳಲ್ಲಿ ಹೆಡ್‌ಲೈಟಿಗೆ ಪಾಸಿಟಿವ್ ಸದಾ ಬಂದಿರುತ್ತೆ, ಸ್ವಿಚ್ಚು ಅರ್ತ್ ಕಡೆ ಇರುತ್ತೆ. ಟೊಯೊಟಾದಲ್ಲಿ ಹಾಗೆ ನೋಡಿದ್ದೀನಿ. ಪಾರ್ಕಿಂಗ್ ಲೈನಿನದು ಸೀದಾ ಸ್ವಭಾವ, ಸ್ವಿಚ್ ಯಾವ ಹಂತದಲ್ಲಿದ್ದರೂ ಉರೀತಾನೇ ಇರುತ್ತೆ. ಒಂದೇ ತೊಂದರೆ, ಬರೀ ಪಾರ್ಕಿಂಗ್ ಲೈಟ್ ಹಾಕಿಕೊಂಡು ಓಡಿಸಿದರೆ ಹಗಲು ದೀಪವೂ ಇಲ್ಲ, ಹೆಡ್‌ಲೈಟೂ ಇಲ್ಲ. ಸ್ವಿಚ್ಚನ್ನ ಅರ್ಧಕ್ಕೆ ನಿಲ್ಲಿಸಬೇಡ, ಕೊನೆವರೆಗೂ ತಿರುಗಿಸು ಅಂತ ಅವಳಿಗೆ ಹೇಳಬೇಕು.

ಸೊಸೆ: ಫ್ಯೂಸು?

ಮಾವ: 20 ವ್ಯಾಟಿಗೆ ಎರಡು ಆಂಪಿಯರೂ ಬೇಡ. 3 ಆಂಪಿಯರ್ ಹಾಕು, ಲೈನ್ ತಗೊಂಡ ಜಾಗಕ್ಕೆ ಹತ್ತಿರದಲ್ಲೇ. ದೂರದಲ್ಲಿ ಹಾಕಿದರೆ ಅಲ್ಲಿವರೆಗಿನ ವೈರಿಗೆ ಕಾವಲಿಲ್ಲ. ಕೆಲಸ ಶುರು ಮಾಡೋ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚು. ಎಂಜಿನ್ ಕಡೆಯಿಂದ ಒಳಕ್ಕೆ ವೈರ್ ತರೋದಾದರೆ ರಬ್ಬರ್ ಬುಷ್ ಇಲ್ಲದೆ ತಗಡಿನ ತೂತಲ್ಲಿ ಎಳೀಬೇಡ, ಅದುರಿ ಅದುರಿ ಸವೆದು ಅರ್ತ್ ಹೊಡೆಯುತ್ತೆ. ಜಾಯಿಂಟಿಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಬೇಡ. ಒತ್ತಿ ಕೂರಿಸೋ ಲಗ್, ಮೇಲೆ ಬಿಸಿಗೆ ಕುಗ್ಗೋ ಸ್ಲೀವ್. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಂತಲ್ಲ?

ಸೊಸೆ: ಡಿಸೆಂಬರಿಂದ ಮಾರ್ಚ್‌ವರೆಗೆ, ಹಿಮ ಬಿದ್ದಾಗೆಲ್ಲ.

ಮಾವ: ಹಾಗಾದರೆ ಅರ್ತ್ ಪಾಯಿಂಟಿಗೆ ಪೇಂಟ್ ಕೆರೆದು, ಲಗ್ ಕೂರಿಸಿ, ಮೇಲೆ ಗ್ರೀಸ್. ಹಳೇ ಕಾರಿನ ಲೈಟಿನ ತೊಂದರೆ ಹತ್ತಕ್ಕೆ ಎಂಟು ಅರ್ತಿನದೇ. ಇಷ್ಟೆಲ್ಲ ಮಾಡಿ ಇನ್‌ಸ್ಪೆಕ್ಷನ್ನಿಗೆ ಹೋದಾಗ ಇದನ್ನ ಯಾರು ಹಾಕಿದ್ದು ಅಂತ ಕೇಳಲ್ವಾ? ನಮ್ಮಲ್ಲಿ ಎಫ್‌ಸಿಗೆ ಹೋದರೆ ಆರ್‌ಟಿಒದವರು ಲೈಟ್ ಒಂದೊಂದೂ ನೋಡ್ತಾರೆ.

ಸೊಸೆ: ಕೇಳಲ್ಲ, ಅದೇ ಕಳವಳ. ನ್ಯೂಜೆರ್ಸಿಯಲ್ಲಿ 2010ರ ಆಗಸ್ಟಿಂದ ಸ್ವಂತ ಕಾರುಗಳಿಗೆ ಹೊಗೆ ಪರೀಕ್ಷೆ ಮಾತ್ರ. ಬ್ರೇಕು, ಟೈರು, ಲೈಟು ಯಾವುದನ್ನೂ ಇನ್‌ಸ್ಪೆಕ್ಷನ್ನಿನಲ್ಲಿ ನೋಡಲ್ಲ. ಟೇಲ್ ಲೈಟ್ ಹೋಗಿದ್ದರೆ ರಸ್ತೆಯಲ್ಲಿ ಪೊಲೀಸ್ ನಿಲ್ಲಿಸಿದಾಗಲೇ ಗೊತ್ತಾಗೋದು. ಹಾಗಂತ ನಿಯಮ ಇಲ್ಲ ಅಂತಲ್ಲ. ಹಗಲು ದೀಪ ಬಿಳಿ ಅಥವಾ ಹಳದಿ ಕಡೆಯದ್ದಿರಬೇಕು, ಮಿನುಗಬಾರದು. ನೀಲಿಯಂತೂ ಕೂಡದು, ಇಲ್ಲಿ ಸ್ವಯಂಸೇವಕ ಅಗ್ನಿಶಾಮಕದವರು, ಆಂಬುಲೆನ್ಸ್ ಸೇವೆಯವರು ಕರೆ ಬಂದಾಗ ತಮ್ಮ ಸ್ವಂತ ಕಾರಿಗೆ ಹಚ್ಚಿಕೊಳ್ಳೋ ಬಣ್ಣ ಅದು. ಗಾಜಿನ ಮೇಲೆ ಅಮೆರಿಕದ ಡಿಆರ್‌ಎಲ್ ಗುರುತೋ ಯುರೋಪಿನ ಆರ್‌ಎಲ್ ಗುರುತೋ ಇಲ್ಲದಿದ್ದರೆ ನಾನು ಕೊಳ್ಳಲ್ಲ. ಅಂಗಡಿಯಲ್ಲಿ ಸಿಗೋ ಮುಕ್ಕಾಲು ಪಾಲು ಬರೀ ಅಲಂಕಾರದ ಪಟ್ಟಿಗಳು. ಕತ್ತಲಲ್ಲಿ ಚೆಂದ ಕಾಣುತ್ತವೆ, ಬಿಸಿಲಲ್ಲಿ ಇರೋದೇ ಗೊತ್ತಾಗಲ್ಲ.

ಮಾವ: ಎಲ್ಲಿ ಕೂರಿಸ್ತೀಯ?

ಸೊಸೆ: ಯುರೋಪಿನ ನಿಯಮದ ಪ್ರಕಾರ ನೆಲದಿಂದ 25 ಸೆಂಟಿಮೀಟರಿಗಿಂತ ಮೇಲೆ, ಎರಡರ ನಡುವೆ 60 ಸೆಂಟಿಮೀಟರಾದರೂ ಅಂತರ. ಎರಡೂ ತೀರ ಹತ್ತಿರ ಇದ್ದರೆ ದೂರದಿಂದ ಬೈಕೋ ಕಾರೋ ತಿಳಿಯಲ್ಲ. ಇಂಡಿಕೇಟರಿಗೆ ಅಂಟಿಸಿ ಇಡಬಾರದು, ಅದರ ಹಳದಿ ಈ ಬಿಳಿಯಲ್ಲಿ ಮುಚ್ಚಿಹೋಗುತ್ತೆ.

ಮಾವ: ಇಷ್ಟು ಓದಿಕೊಂಡಿದ್ದೀಯ, ಹೆಡ್‌ಲೈಟಿನ ಮುಖ ನೋಡಿದ್ದೀಯಾ? ಇಪ್ಪತ್ತು ವರ್ಷದ ಬಿಸಿಲಿಗೆ ಪ್ಲಾಸ್ಟಿಕ್ ಹಳದಿ ತಿರುಗಿ ಮಬ್ಬಾಗಿದೆ. ಬಲ್ಬ್ ಒಳಗೆ ಎಷ್ಟು ಉರಿದರೇನು, ಹೊರಗೆ ಬರ್ತಿರೋದು ಕಾಲು ಭಾಗವೂ ಇರಲಿಕ್ಕಿಲ್ಲ. ಎಲ್‌ಇಡಿ ಹಾಕೋ ಮುಂಚೆ ಅದನ್ನ ನೀರುಕಾಗದದಲ್ಲಿ ಉಜ್ಜಿ ಪಾಲಿಶ್ ಹೊಡೆದು, ಬಿಸಿಲು ತಡೆಯೋ ಲೇಪ ಕೊಡಬೇಕು. ರಾತ್ರಿ ಓಡಿಸೋಳೂ ಇವಳೇ ತಾನೆ?

ಸೊಸೆ: ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಆಮೇಲೆ ಸಂಜೆ ಐದಕ್ಕೆ ಮುಂಚೆಯೇ ಸೂರ್ಯಾಸ್ತ. ಅವಳು ಟೆನಿಸ್ ಮುಗಿಸಿ ಬರೋದು ಸರಿಯಾಗಿ ಆ ಹೊತ್ತಿಗೆ, ಜಿಂಕೆಗಳು ರಸ್ತೆ ದಾಟೋ ಹೊತ್ತಿಗೆ.

ಮಾವ: ನಾನು ಹೆದರೋದು ಆ ಹೊತ್ತಿಗೇ. ಮಧ್ಯಾಹ್ನಕ್ಕೆ ನಿನ್ನ ಎಲ್‌ಇಡಿ ಸರಿ, ರಾತ್ರಿಗೆ ಹೆಡ್‌ಲೈಟ್ ಸರಿ. ನಡುವೆ ಅರ್ಧ ಗಂಟೆ ಇದೆಯಲ್ಲ, ಬೆಳಕಿದೆ ಅನ್ನಿಸುತ್ತೆ, ಇರಲ್ಲ. ಆ ಅರ್ಧ ಗಂಟೆಯಲ್ಲಿ ಮುಂದೆ ಎಲ್‌ಇಡಿ ಉರೀತಿರುತ್ತೆ, ಹಿಂದೆ ಕತ್ತಲು. ಯಾವ ರಿಲೇಯೂ ಅದನ್ನ ಸರಿ ಮಾಡಲ್ಲ, ಸ್ವಿಚ್ ತಿರುಗಿಸೋ ಕೈಯೇ ಮಾಡಬೇಕು.

ಸೊಸೆ: ಹಾಗಾದರೆ ಹಾಕೋದೇ ಬೇಡ ಅಂತೀರಾ?

ಮಾವ: ಹಾಕು. ಲಾರ್ಡ್ ಸ್ಟರ್ಲಿಂಗ್ ರಸ್ತೆ ನೋಡಿದ ಮೇಲೆ ಬೇಡ ಅನ್ನೋಕೆ ಬಾಯಿ ಬರಲ್ಲ. ಆದರೆ ಇದನ್ನ ಹಾಕಿದ್ದರಿಂದ ಕಾರು ಸುರಕ್ಷಿತ ಆಯ್ತು ಅಂತ ಅವಳಿಗೆ ಹೇಳಬೇಡ. ಎದುರಿನವನಿಗೆ ಒಂದು ಮಾತು ಮುಂಚೆ ಗೊತ್ತಾಗುತ್ತೆ, ಅಷ್ಟೇ ಅಂತ ಹೇಳು. ಹಿಂದಿನವನಿಗೆ ಹೇಳೋ ಕೆಲಸ ಇನ್ನೂ ಅವಳದ್ದೇ. ವೈಪರ್ ಹಾಕಿದ ಕೈ ಲೈಟ್ ಸ್ವಿಚ್ಚಿಗೂ ಹೋಗಬೇಕು. ಮೀಟರ್ ಮುಳ್ಳು ಕಾಣಿಸ್ತಿಲ್ಲ ಅಂದ ಕೂಡಲೇ ಲೈಟ್ ಹಾಕಬೇಕು. ಮೀಟರಿಗೆ ಬಣ್ಣಬಣ್ಣದ ಎಲ್‌ಇಡಿ ಕೂರಿಸ್ತೀನಿ ಅಂತ ಯಾವ ಸ್ನೇಹಿತರಾದರೂ ಬಂದರೆ ಬಾಗಿಲಲ್ಲೇ ಕಳಿಸು.

ಸೊಸೆ: ಇಷ್ಟು ಹೇಳಿದರೆ ನೆನಪಿಟ್ಟುಕೊಳ್ತಾಳಾ?

ಮಾವ: ಹೇಳಿದರೆ ಮರೀತಾಳೆ, ಮಾಡಿದರೆ ಮರೆಯಲ್ಲ. ಶನಿವಾರ ಲಗ್ ಒತ್ತೋದು, ಸ್ಲೀವ್ ಕಾಯಿಸೋದು ಅವಳ ಕೈಲೇ ಮಾಡಿಸೋಣ. ರಿಲೇ ಟಕ್ ಅಂದಾಗ ಮುಂದಿನ ಎಲ್‌ಇಡಿ ಆರಿ ಹಿಂದಿನ ದೀಪ ಹತ್ತೋದನ್ನ ಕಾರಿನ ಹಿಂದೆ ನಿಂತು ಅವಳೇ ನೋಡಲಿ. ಯಾವ ದೀಪ ಯಾರಿಗೆ ಅಂತ ಆಗ ತಿಳಿಯುತ್ತೆ.

ಸೊಸೆ: ಸಾಮಾನಿನ ಪಟ್ಟಿ ಬರ್ಕೊಳ್ಳಲಾ? ಎಲ್‌ಇಡಿ ಜೋಡಿ, ರಿಲೇ, 3 ಆಂಪಿಯರ್ ಫ್ಯೂಸು...

ಮಾವ: ತಾಳು, ಅದರ ಮೇಲೆ ಬರಿ: ಟೇಲ್ ಲೈಟ್ ಬಲ್ಬು ಎರಡು, ನಂಬರ್ ಪ್ಲೇಟ್ ಬಲ್ಬು, ನೀರುಕಾಗದ, ಪಾಲಿಶು. ಬೆಳಗ್ಗೆ ನೋಡಿದೆ, ಎಡಗಡೆ ಟೇಲ್ ಲೈಟ್ ಸತ್ತಿದೆ. ಮೊದಲು ಅದು.